ಡಯಾಲಿಸಿಸ್ ರೋಗಿಯ ರಕ್ತದಲ್ಲಿ ಆಮ್ಲ ಹೆಚ್ಚಾದರೆ

ಮಳೆಗಾಲಕ್ಕೆ ಮೊದಲು ಅಡಿಕೆಗೆ ಮದ್ದು ಬಿಡುವ ನಮ್ಮ ಕೃಷಿಕರಿಗೆ ಬೋರ್ಡೋ ದ್ರಾವಣದ ಪರೀಕ್ಷೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. 1 ಕಿಲೊ ಮೈಲುತುತ್ತು, 1 ಕಿಲೊ ಸುಣ್ಣ, 100 ಲೀಟರ್ ನೀರು. ಬೆರೆಸಿದ ಮೇಲೆ ಚೆನ್ನಾಗಿ ಉಜ್ಜಿದ ಕಬ್ಬಿಣದ ಚೂರಿಯೊಂದನ್ನು ಸ್ವಲ್ಪ ಹೊತ್ತು ಅದ್ದಿ ತೆಗೆಯುತ್ತಾರೆ. ಅಲಗಿನ ಮೇಲೆ ತಾಮ್ರದ ಕೆಂಪು ಹತ್ತಿದ್ದರೆ ದ್ರಾವಣ ಇನ್ನೂ ಹುಳಿಯಾಗಿದೆ, ಸುಣ್ಣ ಸಾಲದು ಎಂದರ್ಥ. ಅದನ್ನು ಹಾಗೆಯೇ ಬಿಟ್ಟರೆ ಎಳೆಯ ಕಾಯಿಗಳಿಗೆ ಪೆಟ್ಟು ಬೀಳುತ್ತದೆ. ತೋಟದ ಮಣ್ಣಿನ ಸಂಗತಿಯೂ ಹೀಗೆಯೇ. ನಮ್ಮ ಕಾಸರಗೋಡಿನ ಮುರಕಲ್ಲಿನ ಮಣ್ಣು ಮಳೆಗೆ ತೊಳೆದು ತೊಳೆದು ಹುಳಿಯಾಗಿರುವುದರಿಂದ 2-3 ವರ್ಷಕ್ಕೊಮ್ಮೆ ಅಡಿಕೆ ಮರವೊಂದಕ್ಕೆ ಅರ್ಧ ಕಿಲೊದಷ್ಟು ಸುಣ್ಣ ಹಾಕುವ ಕ್ರಮವಿದೆ. ಮಣ್ಣು ಹುಳಿಯಾಗಿದ್ದರೆ ಎಷ್ಟು ಗೊಬ್ಬರ ಸುರಿದರೂ ಮರಕ್ಕೆ ಹತ್ತುವುದಿಲ್ಲ.

ಮನುಷ್ಯನ ರಕ್ತಕ್ಕೂ ಹುಳಿಯಾಗುವ ಒಂದು ತೊಂದರೆಯಿದೆ. ಮೂತ್ರಪಿಂಡಗಳು ಪೂರ್ತಿ ಸೋತು ವಾರಕ್ಕೆ ಎರಡೋ ಮೂರೋ ಸಲ ಡಯಾಲಿಸಿಸ್ ಮಾಡಿಸಿಕೊಳ್ಳುವವರಲ್ಲಿ ಇದು ಬಹಳ ಸಾಮಾನ್ಯ. ಆದರೆ ಅವರ ಮನೆಯವರಲ್ಲಿ ಇದರ ಬಗ್ಗೆ ತಿಳಿದವರು ಕಡಿಮೆ. ಯೂರಿಯಾ ಎಷ್ಟು, ಕ್ರಿಯಾಟಿನಿನ್ ಎಷ್ಟು, ಹಿಮೊಗ್ಲೋಬಿನ್ ಎಷ್ಟು ಎಂದು ಬಾಯಿಪಾಠ ಹೇಳುವವರು ಸಹ ಬೈಕಾರ್ಬನೇಟ್ ಎಷ್ಟು ಎಂದು ಕೇಳಿದರೆ ಸುಮ್ಮನಾಗುತ್ತಾರೆ. ಆ ಒಂದು ಅಂಕಿಯ ಬಗ್ಗೆಯೇ ಈ ಲೇಖನ.

ಮೊದಲು ಒಂದು ತಪ್ಪು ಕಲ್ಪನೆಯನ್ನು ಬದಿಗಿಡೋಣ. 'ರಕ್ತದಲ್ಲಿ ಆಮ್ಲ ಹೆಚ್ಚಾಗಿದೆ' ಎಂದು ವೈದ್ಯರು ಹೇಳಿದ ಕೂಡಲೇ ನಮ್ಮವರು 'ಎಸಿಡಿಟಿ' ಎಂದುಕೊಳ್ಳುತ್ತಾರೆ. ಎದೆಯುರಿ, ಹುಳಿತೇಗು, ಹೊಟ್ಟೆಯ ಗ್ಯಾಸ್ ಇವೆಲ್ಲ ಜಠರದ ಸಂಗತಿಗಳು. ರಕ್ತದ ಆಮ್ಲತೆಗೂ ಅದಕ್ಕೂ ಸಂಬಂಧವಿಲ್ಲ. ಹುಣಸೆಹುಳಿ, ಲಿಂಬೆ, ಮಜ್ಜಿಗೆ ಬಿಟ್ಟರೆ ರಕ್ತದ ಹುಳಿ ಇಳಿಯುತ್ತದೆ ಎಂಬುದೂ ಸರಿಯಲ್ಲ. ಲಿಂಬೆಯಲ್ಲಿರುವ ಸಿಟ್ರಿಕ್ ಆಮ್ಲವನ್ನು ದೇಹ ಉರಿಸಿಬಿಡುತ್ತದೆ, ಅದು ಆಮ್ಲವಾಗಿ ಉಳಿಯುವುದೇ ಇಲ್ಲ. ರಕ್ತಕ್ಕೆ ಸೇರುವ ಆಮ್ಲ ಹೆಚ್ಚಾಗಿ ಹುಟ್ಟುವುದು ನಾಲಗೆಗೆ ಹುಳಿಯೇ ಅಲ್ಲದ ವಸ್ತುಗಳಿಂದ, ಅಂದರೆ ಮೀನು, ಮಾಂಸ, ಮೊಟ್ಟೆ, ಬೇಳೆ ಮೊದಲಾದವುಗಳ ಪ್ರೋಟೀನಿನಲ್ಲಿರುವ ಗಂಧಕದ ಅಂಶದಿಂದ.

60 ಕಿಲೊ ತೂಕದ ಒಬ್ಬ ವ್ಯಕ್ತಿಯ ದೇಹದಲ್ಲಿ ದಿನವೊಂದಕ್ಕೆ ಹೀಗೆ ಹುಟ್ಟುವ ಆಮ್ಲವನ್ನು ಪೂರ್ತಿ ಕಳೆಯಬೇಕಾದರೆ ಹೆಚ್ಚುಕಡಿಮೆ 5 ಗ್ರಾಂ ಸೋಡಾ ಹುಡಿ ಬೇಕು. ಆರೋಗ್ಯವಂತನಿಗೆ ಅದರ ಗೊಡವೆಯಿಲ್ಲ. ಅವನ ಮೂತ್ರಪಿಂಡಗಳು ಆಮ್ಲವನ್ನು ಮೂತ್ರದ ಮೂಲಕ ಹೊರಹಾಕಿ, ರಕ್ತದ ಕ್ಷಾರವಾದ ಬೈಕಾರ್ಬನೇಟನ್ನು ಸೋಸಿ ಹೋಗದಂತೆ ಹಿಂದಕ್ಕೆ ತರುತ್ತವೆ. ಮೂತ್ರಪಿಂಡ ಸೋತವನಲ್ಲಿ ಈ ಎರಡೂ ಕೆಲಸ ನಿಂತಿರುತ್ತದೆ. ಆಮ್ಲ ದಿನದಿನವೂ ಹುಟ್ಟುತ್ತದೆ, ಹೊರಗೆ ಹೋಗುವ ದಾರಿಯಿಲ್ಲ. ಇದ್ದ ಬೈಕಾರ್ಬನೇಟ್ ಆ ಆಮ್ಲವನ್ನು ಅಡಗಿಸುತ್ತ ಖರ್ಚಾಗುತ್ತದೆ. ಸಾಮಾನ್ಯವಾಗಿ 22ರಿಂದ 26ರವರೆಗೆ ಇರಬೇಕಾದ ಅಂಕಿ 18ಕ್ಕೆ, 16ಕ್ಕೆ ಇಳಿಯುತ್ತದೆ.

ಇಳಿದರೆ ಏನಾಯಿತು?

ಆಮ್ಲವನ್ನು ಅಡಗಿಸಲು ರಕ್ತದಲ್ಲಿ ಕ್ಷಾರ ಸಾಲದಾದಾಗ ದೇಹ ತನ್ನದೇ ಮೂಳೆಯನ್ನು ಕರಗಿಸತೊಡಗುತ್ತದೆ. ಮೂಳೆಯೆಂದರೆ ಸುಣ್ಣದ ದಾಸ್ತಾನು ತಾನೆ. ಹೊರಗಿನಿಂದ ಸುಣ್ಣ ಸಿಗದಿದ್ದರೆ ಗೋಡೆಯ ಸುಣ್ಣವನ್ನೇ ಕೆರೆದು ತೆಗೆದ ಹಾಗೆ. ಜೊತೆಗೆ ಮಾಂಸಖಂಡಗಳೂ ಕರಗುತ್ತವೆ. ಆಮ್ಲ ಹೆಚ್ಚಾದಾಗ ಸ್ನಾಯುಗಳ ಪ್ರೋಟೀನನ್ನು ಒಡೆಯುವ ವ್ಯವಸ್ಥೆ ಚುರುಕಾಗುತ್ತದೆ ಎಂಬುದನ್ನು ಸಂಶೋಧಕರು ತೋರಿಸಿಕೊಟ್ಟಿದ್ದಾರೆ. ತೊಡೆ, ತೋಳು ಸಣಕಲಾಗುತ್ತ ಬರುವುದು, ಊಟ ಸೇರದಿರುವುದು, ಇಗರ್ಜಿಯ ಮೆಟ್ಟಿಲು ಹತ್ತುವಷ್ಟರಲ್ಲಿ ಸುಸ್ತಾಗುವುದು ಇವನ್ನೆಲ್ಲ 'ಡಯಾಲಿಸಿಸ್ ಅಂದ ಮೇಲೆ ಹಾಗೆಯೇ' ಎಂದು ಬಿಟ್ಟುಬಿಡುತ್ತೇವೆ. ಎಲ್ಲವೂ ಆಮ್ಲದಿಂದಲೇ ಎನ್ನಲಾಗದು, ಆದರೆ ಅದರ ಪಾಲು ಇರಬಹುದು. ಆ ಪಾಲಿಗೆ ಔಷಧ ಇದೆ.

ಆಮ್ಲ ಬಹಳ ಹೆಚ್ಚಾದಾಗ ರೋಗಿ ದೀರ್ಘವಾಗಿ, ಆಳವಾಗಿ ಉಸಿರೆಳೆಯತೊಡಗುತ್ತಾನೆ. ದೇಹ ಉಸಿರಿನ ಮೂಲಕವಾದರೂ ಹುಳಿಯನ್ನು ಹೊರಹಾಕಲು ನೋಡುವುದು ಇದಕ್ಕೆ ಕಾರಣ. ಶ್ವಾಸಕೋಶದಲ್ಲಿ ನೀರು ತುಂಬಿದರೂ ಏದುಸಿರು ಬರುತ್ತದೆ, ಆದುದರಿಂದ ಯಾವುದು ಯಾವುದೆಂದು ಮನೆಯಲ್ಲಿ ತೀರ್ಮಾನಿಸುವ ಗೋಜಿಗೆ ಹೋಗದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಇನ್ನೊಂದು ಅಪಾಯ ಪೊಟ್ಯಾಸಿಯಂನದು. ರಕ್ತ ಹುಳಿಯಾದಾಗ ಜೀವಕೋಶಗಳ ಒಳಗಿನ ಪೊಟ್ಯಾಸಿಯಂ ರಕ್ತಕ್ಕೆ ಬರುವ ಸಂಭವವಿದ್ದು, ಅದು ಮಿತಿಮೀರಿದರೆ ಹೃದಯದ ಬಡಿತವೇ ತಪ್ಪುತ್ತದೆ. ಕೈಕಾಲು ಸೋತುಹೋಗುವುದು, ನಾಡಿ ನಿಧಾನವಾಗುವುದು, ಕಣ್ಣುಕತ್ತಲೆ ಬರುವುದು ಕಂಡರೆ ನಾಳೆಯ ಡಯಾಲಿಸಿಸ್ ತನಕ ಕಾಯುವಂತಿಲ್ಲ.

ಆದರೆ ಹೆಚ್ಚಿನವರಲ್ಲಿ ಇಂತಹ ಯಾವ ಲಕ್ಷಣವೂ ಕಾಣಿಸುವುದಿಲ್ಲ. 18-19ರ ಅಂಕಿ ಇಟ್ಟುಕೊಂಡು ತೋಟಕ್ಕೆ ಹೋಗಿ ಬರುವವರಿದ್ದಾರೆ. ಚೂರಿ ಅದ್ದಿ ನೋಡುವಂತಹ ಉಪಾಯ ಇಲ್ಲಿ ಇಲ್ಲದಿರುವುದರಿಂದ ರಕ್ತಪರೀಕ್ಷೆಯೊಂದೇ ದಾರಿ. ರಿಪೋರ್ಟಿನಲ್ಲಿ ಇದನ್ನು 'ಬೈಕಾರ್ಬನೇಟ್' ಎಂದೋ 'ಒಟ್ಟು ಕಾರ್ಬನ್ ಡೈಆಕ್ಸೈಡ್' ಎಂದೋ ಬರೆದಿರುತ್ತಾರೆ. ರಕ್ತವನ್ನು ಡಯಾಲಿಸಿಸ್ ಶುರುವಾಗುವ ಮೊದಲು ತೆಗೆದಿರಬೇಕು. ಮುಗಿದ ಮೇಲೆ ತೆಗೆದರೆ ಅಂಕಿ ಹೇಗೂ ಚೆನ್ನಾಗಿಯೇ ಇರುತ್ತದೆ. ಹಳ್ಳಿಯ ಸಣ್ಣ ಲ್ಯಾಬಿನಲ್ಲಿ ರಕ್ತ ತೆಗೆದು ಸಂಜೆಯ ಬಸ್ಸಿನಲ್ಲಿ ಪೇಟೆಗೆ ಕಳುಹಿಸಿದಾಗ, ತಡವಾದಷ್ಟೂ ಗಾಳಿ ತಗಲಿದಷ್ಟೂ ಅಂಕಿ ಇದ್ದುದಕ್ಕಿಂತ ಕಡಿಮೆ ತೋರಿಸುವುದುಂಟು. ಒಂದು ಸಲದ ಕಡಿಮೆ ಅಂಕಿಗೆ ಹೆದರದೆ, ಡಯಾಲಿಸಿಸ್ ಕೇಂದ್ರದಲ್ಲಿಯೇ ಇನ್ನೊಮ್ಮೆ ನೋಡಿಸುವುದು ಒಳ್ಳೆಯದು.

ಯಂತ್ರದ ಬಳಿಯ ಎರಡು ಕ್ಯಾನುಗಳು

ಡಯಾಲಿಸಿಸ್ ಕೋಣೆಯಲ್ಲಿ ಯಂತ್ರದ ಪಕ್ಕ 'ಎ' ಮತ್ತು 'ಬಿ' ಎಂದು ಗುರುತು ಹಾಕಿದ ಎರಡು ಕ್ಯಾನುಗಳನ್ನು ನೀವು ನೋಡಿರಬಹುದು. 'ಬಿ'ಯಲ್ಲಿರುವುದು ಬೈಕಾರ್ಬನೇಟ್, ಅಂದರೆ ನಮ್ಮ ಸೋಡಾ. 'ಎ'ಯಲ್ಲಿ ಕ್ಯಾಲ್ಸಿಯಂ ಮತ್ತಿತರ ಲವಣಗಳು. ಎರಡನ್ನೂ ಒಂದೇ ಪಾತ್ರೆಯಲ್ಲಿ ಬೆರೆಸಿ ಇಟ್ಟರೆ ಸುಣ್ಣವಾಗಿ ತಳ ಹಿಡಿಯುತ್ತದೆ. ಹಾಗಾಗಿ ಯಂತ್ರ ಅವನ್ನು ರೋಗಿಯ ಪಕ್ಕದಲ್ಲಿಯೇ, ಆಗಿಂದಾಗಲೇ ಬೆರೆಸಿಕೊಳ್ಳುತ್ತದೆ.

ಈ ಸಣ್ಣ ತೊಡಕು ಒಂದು ಕಾಲಕ್ಕೆ ದೊಡ್ಡ ಸಮಸ್ಯೆಯಾಗಿತ್ತು. ಹಾಲೆಂಡಿನ ವೈದ್ಯ ವಿಲ್ಲೆಂ ಕೋಲ್ಫ್ ಅವರು 1943ರಲ್ಲಿ, ಎರಡನೇ ಮಹಾಯುದ್ಧದ ನಡುವೆ, ಸಾಸೇಜ್ ತುಂಬಿಸುವ ಸೆಲೊಫೇನ್ ಕೊಳವೆಯನ್ನು ಮರದ ಪಟ್ಟಿಗಳ ಉರುಳೆಗೆ ಸುತ್ತಿ ಕೃತಕ ಮೂತ್ರಪಿಂಡ ಮಾಡಿದರು. ದೀರ್ಘಕಾಲ ಡಯಾಲಿಸಿಸ್ ಮಾಡಿಸಿಕೊಂಡು ಬದುಕಬಹುದೆಂದು ತೋರಿಸಿಕೊಟ್ಟವರು ಅಮೆರಿಕದ ಸಿಯಾಟಲ್ ನಗರದ ಡಾ. ಬೆಲ್ಡಿಂಗ್ ಸ್ಕ್ರಿಬ್ನರ್. 1960ರಲ್ಲಿ ಅವರ ಕೈಯಲ್ಲಿ ಚಿಕಿತ್ಸೆ ಶುರುಮಾಡಿದ ಕ್ಲೈಡ್ ಶೀಲ್ಡ್ಸ್ ಹತ್ತು ವರ್ಷಕ್ಕೂ ಮಿಕ್ಕಿ ಬದುಕಿದರು. ಬೈಕಾರ್ಬನೇಟ್ ತಳ ಹಿಡಿಯುವ ತೊಂದರೆಯನ್ನು ತಪ್ಪಿಸಲು ಅದೇ ಸಿಯಾಟಲಿನಲ್ಲಿ 1964ರಲ್ಲಿ ಅದರ ಬದಲಿಗೆ ಅಸಿಟೇಟ್ ಬಳಸತೊಡಗಿದರು. ಯಕೃತ್ತು ಅದನ್ನು ಬೈಕಾರ್ಬನೇಟ್ ಆಗಿ ಮಾರ್ಪಡಿಸಿಕೊಳ್ಳುತ್ತದೆ. ಬಳಸಲು ಸುಲಭವೇನೋ ನಿಜ, ಆದರೆ ಎಷ್ಟೋ ರೋಗಿಗಳಿಗೆ ವಾಂತಿ, ತಲೆನೋವು, ರಕ್ತದೊತ್ತಡ ಕುಸಿತ. 1980ರ ದಶಕದಲ್ಲಿ ಎರಡು ಕ್ಯಾನುಗಳಿಂದ ಅಳತೆಮಾಡಿ ಬೆರೆಸುವ ಯಂತ್ರಗಳು ಬಂದ ಬಳಿಕವೇ ಬೈಕಾರ್ಬನೇಟ್ ಮರಳಿ ಬಂತು.

ಈಗ 4 ಗಂಟೆಯ ಒಂದು ಡಯಾಲಿಸಿಸಿನಲ್ಲಿ ನಿಮಿಷಕ್ಕೆ 500 ಮಿ.ಲೀ.ಯಂತೆ ಸುಮಾರು 120 ಲೀಟರ್ ದ್ರಾವಣ ರಕ್ತದ ಆಚೆ ಬದಿಯಲ್ಲಿ ಹರಿದುಹೋಗುತ್ತದೆ. ಆ ದ್ರಾವಣದಲ್ಲಿ ಬೈಕಾರ್ಬನೇಟ್ ರಕ್ತಕ್ಕಿಂತ ಹೆಚ್ಚು, ಸಾಮಾನ್ಯವಾಗಿ 35ರ ಆಸುಪಾಸು ಇರುವುದರಿಂದ ಅದು ಪೊರೆಯ ಮೂಲಕ ರಕ್ತಕ್ಕೆ ಇಳಿಯುತ್ತದೆ. ಯಂತ್ರ ಬಿಟ್ಟು ಏಳುವಾಗ ರೋಗಿಯ ರಕ್ತದ ಹುಳಿ ಕಳೆದಿರುತ್ತದೆ. ಆ ಹೊತ್ತಿನಿಂದಲೇ ಅದು ಮತ್ತೆ ಕೂಡತೊಡಗುತ್ತದೆ.

ಆದುದರಿಂದ ಆಮ್ಲಕ್ಕೆ ಮೊದಲ ಔಷಧವೇ ಹೇಳಿದಷ್ಟು ಹೊತ್ತಿನ ಪೂರ್ತಿ ಡಯಾಲಿಸಿಸ್. ಮಂಗಳೂರಿನಿಂದ ಕೊನೆಯ ಬಸ್ಸು ತಪ್ಪುತ್ತದೆ, ಕೆಲಸದಾಳುಗಳು ಕಾಯುತ್ತಿದ್ದಾರೆ ಎಂದು ಅರ್ಧ ಗಂಟೆ ಮೊದಲೇ ಯಂತ್ರ ತೆಗೆಸಿಕೊಳ್ಳುವವರು ಆ ಅರ್ಧ ಗಂಟೆಯ ಸೋಡಾವನ್ನೂ ಬಿಟ್ಟು ಬಂದಿರುತ್ತಾರೆ. ವಾರಕ್ಕೆ ಮೂರು ಸಲ ಬೇಕಾದಲ್ಲಿ ಖರ್ಚಿಗೆ ಹೆದರಿ ಎರಡೇ ಸಲ ಹೋಗುವವರಲ್ಲಿ ಹುಳಿ ಕೂಡಲು ಸಿಗುವ ದಿನಗಳು ಹೆಚ್ಚು. ಮೂರು ಸಲ ಹೋಗುವವರಿಗೂ ವಾರದಲ್ಲಿ ಒಮ್ಮೆ ನಡುವೆ ಎರಡು ದಿನಗಳ ಬಿಡುವು ಬರುತ್ತದೆ. ಅಮೆರಿಕದಲ್ಲಿ 32,000ಕ್ಕೂ ಹೆಚ್ಚು ರೋಗಿಗಳನ್ನು ಗಮನಿಸಿ 2011ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಈ ದೀರ್ಘ ಬಿಡುವಿನ ಮರುದಿನವೇ ಸಾವುಗಳು ಹೆಚ್ಚೆಂದು ಕಂಡುಬಂತು. ನೀರು, ಪೊಟ್ಯಾಸಿಯಂ, ಆಮ್ಲ ಮೂರೂ ಆಗ ಒಟ್ಟಿಗೆ ಏರಿರುತ್ತವೆ. ಭಾನುವಾರದ ಪೂಜೆ ಮುಗಿಸಿ ಯಾರದೋ ಮನೆಯ ಔತಣಕ್ಕೆ ಹೋಗುವವರು ಇದನ್ನು ನೆನಪಿಡಬೇಕು. ಖರ್ಚಿನ ವಿಷಯದಲ್ಲಿ, 2016ರಲ್ಲಿ ಕೇಂದ್ರ ಸರಕಾರ ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಪ್ರಕಟಿಸಿದ ಮೇಲೆ ಸರಕಾರಿ ಆಸ್ಪತ್ರೆಗಳಲ್ಲಿ ಬಡವರಿಗೆ ಈ ಸೌಕರ್ಯ ಹೆಚ್ಚಿದೆ. ವಿಚಾರಿಸದೆ ತೋಟ ಅಡವಿಡುವುದು ಬೇಡ.

ಗಡಿಯವರಾದ ನಾವು ಇನ್ನೊಂದು ಸಂಗತಿಯನ್ನು ಮರೆಯುವಂತಿಲ್ಲ. 2020ರ ಮಾರ್ಚ್ ಕೊನೆಯಲ್ಲಿ ಕೊರೋನಾ ಕಾರಣದಿಂದ ತಲಪಾಡಿ ಮೊದಲಾದ ಗಡಿಗಳನ್ನು ಮುಚ್ಚಿ, ಕೆಲವೆಡೆ ರಸ್ತೆಗೆ ಮಣ್ಣನ್ನೇ ಸುರಿದಾಗ, ಚಿಕಿತ್ಸೆಗೆ ಮಂಗಳೂರನ್ನೇ ನಂಬಿದ್ದ ಕಾಸರಗೋಡಿನ ರೋಗಿಗಳು ಆಚೆ ದಾಟಲಾರದೆ ಹೋದರು. ಪ್ರಕರಣ ಕೇರಳ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋಯಿತು. ಅಷ್ಟರೊಳಗೆ ಕೆಲವರು ತೀರಿಕೊಂಡಿದ್ದರು. ಡಯಾಲಿಸಿಸ್ ರೋಗಿಗೆ ಒಂದು ಸರದಿ ತಪ್ಪುವುದೆಂದರೆ ಏನೆಂಬುದು ಆಗ ಊರಿಗೇ ಅರ್ಥವಾಯಿತು. ಗಡಿ ಮುಚ್ಚದಿದ್ದರೂ ಆಷಾಢದ ಮಳೆಗೆ ರಸ್ತೆಗೆ ಮರ ಬೀಳುವುದು, ಬಂದ್, ಮುಷ್ಕರ ನಮಗೆ ಹೊಸತಲ್ಲ. ಈಚೆ ಬದಿಯ ಹತ್ತಿರದ ಕೇಂದ್ರ ಯಾವುದು, ತುರ್ತಿಗೆ ಅಲ್ಲಿ ಜಾಗ ಸಿಗಬಹುದೇ ಎಂದು ಮೊದಲೇ ವಿಚಾರಿಸಿ, ಡಯಾಲಿಸಿಸ್ ಪುಸ್ತಕದ ಮತ್ತು ಕಾಮಾಲೆ, ಏಡ್ಸ್ ಪರೀಕ್ಷೆಗಳ ರಿಪೋರ್ಟಿನ ಪ್ರತಿಯೊಂದನ್ನು ಮನೆಯಲ್ಲಿಟ್ಟುಕೊಳ್ಳುವುದು ಲೇಸು. ಆ ರಿಪೋರ್ಟು ನೋಡದೆ ಹೊಸ ಕೇಂದ್ರದವರು ಯಂತ್ರಕ್ಕೆ ಹಾಕಲು ಹಿಂಜರಿಯುತ್ತಾರೆ.

ಸೋಡಾ ಮಾತ್ರೆ ಮತ್ತು ಅಡುಗೆಮನೆಯ ಸೋಡಾ

ಪೂರ್ತಿ ಡಯಾಲಿಸಿಸ್ ಆಗಿಯೂ ಅಂಕಿ ಕೆಳಗೇ ಇದ್ದರೆ ವೈದ್ಯರು ಯಂತ್ರದ ದ್ರಾವಣದ ಬೈಕಾರ್ಬನೇಟನ್ನು ಸ್ವಲ್ಪ ಏರಿಸಬಹುದು ಅಥವಾ ಬಾಯಿಗೆ ಸೋಡಿಯಂ ಬೈಕಾರ್ಬನೇಟ್ ಮಾತ್ರೆ ಕೊಡಬಹುದು. ಸಾಮಾನ್ಯವಾಗಿ ಸಿಗುವುದು 500 ಮಿ.ಗ್ರಾಂ.ನ ಮಾತ್ರೆ. ಬೆಲೆ ಬಹಳ ಕಡಿಮೆ. ಬಹುಶಃ ಈ ಅಗ್ಗದ ಗುಣದಿಂದಲೇ ಜನರು ಅದನ್ನು ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ. ದುಬಾರಿ ಇಂಜೆಕ್ಷನ್ ತಪ್ಪಿಸದವರು 'ಅದು ಬರೇ ಸೋಡಾ ಅಲ್ಲವೇ' ಎಂದು ಈ ಮಾತ್ರೆಯನ್ನು ಬಿಟ್ಟುಬಿಡುತ್ತಾರೆ.

ಇನ್ನು ಕೆಲವರದು ಇದಕ್ಕೆ ವಿರುದ್ಧ. ಸೋಡಾ ತಾನೆ, ಡಬ್ಬಿಯಲ್ಲಿಯೇ ಇದೆಯಲ್ಲ ಎಂದು ಚಮಚೆಯಲ್ಲಿ ನೀರಿಗೆ ಕಲಸಿ ಕುಡಿಯುತ್ತಾರೆ. ಚಹಾ ಚಮಚೆಯೊಂದರಲ್ಲಿ ಸುಮಾರು 5 ಗ್ರಾಂ ಹಿಡಿಯುತ್ತದೆ. ಅದು ಹತ್ತು ಮಾತ್ರೆಗಳಿಗೆ ಸಮ! ಅದರೊಂದಿಗೆ ಸೋಡಿಯಂ ಕೂಡ ಒಳಗೆ ಹೋಗುತ್ತದೆ. ದಿನಕ್ಕೆ ಆರು ಮಾತ್ರೆ ನುಂಗಿದರೂ ಅದರಲ್ಲಿ ಸುಮಾರು 2 ಗ್ರಾಂ ಉಪ್ಪಿನಲ್ಲಿರುವಷ್ಟು ಸೋಡಿಯಂ ಇರುತ್ತದೆ. ಬಾಯಾರಿಕೆ ಹೆಚ್ಚಿ, ನೀರು ಕುಡಿದು, ತೂಕ ಏರಿ ಬರುವವರು ಈ ಲೆಕ್ಕವನ್ನೂ ವೈದ್ಯರ ಮುಂದಿಡಬೇಕು. ಬೇಕಿಂಗ್ ಪೌಡರ್ ಎಂಬುದು ಬೇರೆಯೇ ವಸ್ತು. ಅದರಲ್ಲಿ ಕೆಲವು ಬಗೆಗಳಿಗೆ ಅಲ್ಯೂಮಿನಿಯಂ ಲವಣ ಸೇರಿರುತ್ತದೆ. ಹೊಟ್ಟೆಯುರಿಗೆ ಕುಡಿಯುವ ಎಷ್ಟೋ ಸಿರಪ್ಪುಗಳಲ್ಲಿಯೂ ಅಲ್ಯೂಮಿನಿಯಂ, ಮೆಗ್ನೀಸಿಯಂ ಇದೆ. ಮೂತ್ರಪಿಂಡವಿಲ್ಲದವನ ದೇಹದಿಂದ ಅವು ಸರಿಯಾಗಿ ಹೊರಗೆ ಹೋಗಲಾರವು. ನೊರೆ ಬರುವ ಫ್ರೂಟ್ ಸಾಲ್ಟುಗಳಲ್ಲಿರುವ ಸಿಟ್ರೇಟ್, ಅಲ್ಯೂಮಿನಿಯಂ ಇನ್ನಷ್ಟು ಹೀರಿಕೊಳ್ಳುವಂತೆ ಮಾಡುತ್ತದೆ. ಮೂತ್ರದ ಉರಿಗೆಂದು ಕೊಡುವ ಪೊಟ್ಯಾಸಿಯಂ ಸಿಟ್ರೇಟ್ ಸಿರಪ್ಪಂತೂ ಇವರಿಗೆ ವಿಷವೇ ಸರಿ. ಮೆಡಿಕಲ್ ಅಂಗಡಿಯಲ್ಲಿ 'ಡಯಾಲಿಸಿಸ್ ರೋಗಿಗೆ' ಎಂದು ಹೇಳದೆ ಯಾವುದನ್ನೂ ಕೊಳ್ಳಬಾರದು.

ರಂಜಕ ಇಳಿಸಲು ಊಟದೊಡನೆ ಕೊಡುವ ಸೆವೆಲಾಮರ್ ಮಾತ್ರೆಯಲ್ಲಿ ಎರಡು ಬಗೆಯಿದೆ. ಕಾರ್ಬನೇಟ್ ಎಂದಿದ್ದರೆ ಬೈಕಾರ್ಬನೇಟ್ ಸ್ವಲ್ಪ ಏರುತ್ತದೆ, ಹೈಡ್ರೋಕ್ಲೋರೈಡ್ ಎಂದಿದ್ದರೆ ಇಳಿಯುತ್ತದೆ. ಅಂಗಡಿಯವರು ಒಂದರ ಬದಲು ಇನ್ನೊಂದು ಕೊಟ್ಟಿದ್ದಾರೆಯೇ ಎಂದು ಪಟ್ಟಿಯ ಹಿಂಬದಿ ಓದಿ ನೋಡಿ.

ಎಷ್ಟು ಇದ್ದರೆ ಸರಿ? ಅಮೆರಿಕದ ಮೂತ್ರಪಿಂಡ ತಜ್ಞರ ಮಾರ್ಗಸೂಚಿ 2000ದಲ್ಲಿ, ಡಯಾಲಿಸಿಸಿಗೆ ಮುಂಚೆ 22ಕ್ಕೆ ಕಡಿಮೆಯಾಗಬಾರದು ಎಂದಿತು. 2020ರ ಪರಿಷ್ಕರಣೆಯಲ್ಲಿ 24ರಿಂದ 26 ಎಂದಿತು. ಹೆಚ್ಚಾದಷ್ಟೂ ಒಳ್ಳೆಯದು ಎಂದಲ್ಲ. 2004ರಲ್ಲಿ ಹಲವು ದೇಶಗಳ ರೋಗಿಗಳನ್ನು ಒಟ್ಟಿಗೆ ನೋಡಿದಾಗ 17 ಅಥವಾ ಅದಕ್ಕಿಂತ ಕಡಿಮೆ ಇದ್ದವರಲ್ಲಿಯೂ 27ಕ್ಕಿಂತ ಹೆಚ್ಚಿದ್ದವರಲ್ಲಿಯೂ ಸಾವು ಹೆಚ್ಚಿತ್ತು. ಬೋರ್ಡೋ ದ್ರಾವಣಕ್ಕೆ ಸುಣ್ಣ ಮಿತಿಮೀರಿದರೂ ಗುಣ ಕೆಡುತ್ತದಲ್ಲವೇ? ಮತ್ತೊಂದು ವಿಚಿತ್ರವಿದೆ. ಚೆನ್ನಾಗಿ ಉಣ್ಣುವ ರೋಗಿಯಲ್ಲಿ ಪ್ರೋಟೀನಿನಿಂದ ಆಮ್ಲ ಹೆಚ್ಚು ಹುಟ್ಟಿ ಅಂಕಿ ತುಸು ಕೆಳಗಿರುವುದುಂಟು. ಊಟವೇ ಸೇರದೆ ಸೊರಗಿದವನ ಅಂಕಿ 27-28 ಎಂದು ಬಹಳ ಚೆಂದ ಕಾಣುವುದುಂಟು. ಹಾಗಾಗಿ ಬರೇ ಅಂಕಿ ನೋಡಿ ಸಂತೋಷಪಡುವುದಾಗಲಿ ಗಾಬರಿಯಾಗುವುದಾಗಲಿ ಸಲ್ಲದು. ತೂಕ, ಅಲ್ಬುಮಿನ್, ಹಸಿವು ಇವುಗಳ ಜೊತೆಯಲ್ಲಿಟ್ಟು ನೋಡಬೇಕಾದ ಅಂಕಿ ಅದು.

ಊಟದ ಮಾತು

ಮೀನು, ಮೊಟ್ಟೆಯಿಂದ ಆಮ್ಲ ಹುಟ್ಟುತ್ತದೆಂದು ಮೇಲೆ ಬರೆದುದನ್ನು ಓದಿ ಯಾರೂ ನಾಳೆಯಿಂದ ಮನೆಯ ರೋಗಿಗೆ ಬರೇ ಗಂಜಿ-ಉಪ್ಪಿನಕಾಯಿ ಕೊಡಬೇಡಿ. ಡಯಾಲಿಸಿಸ್ ಶುರುವಾದ ಮೇಲೆ ಪ್ರೋಟೀನ್ ಕಡಿಮೆ ಮಾಡುವುದು ದೊಡ್ಡ ತಪ್ಪು. ಡಯಾಲಿಸಿಸಿನಲ್ಲಿಯೂ ಅದು ಸೋರಿಹೋಗುತ್ತದೆ. ತೂಕದ ಕಿಲೊ ಒಂದಕ್ಕೆ ದಿನಕ್ಕೆ 1ರಿಂದ 1.2 ಗ್ರಾಂ, ಅಂದರೆ 50 ಕಿಲೊದವನಿಗೆ 50-60 ಗ್ರಾಂ ಪ್ರೋಟೀನ್ ಬೇಕು. ಒಂದು ಮೊಟ್ಟೆಯಲ್ಲಿ ಸಿಗುವುದು 6 ಗ್ರಾಂ, 100 ಗ್ರಾಂ ಹಸಿಮೀನಿನಲ್ಲಿ ಸುಮಾರು 20 ಗ್ರಾಂ. ಉಣ್ಣಿಸಿ, ಹುಟ್ಟುವ ಆಮ್ಲವನ್ನು ಯಂತ್ರ ಮತ್ತು ಮಾತ್ರೆ ನೋಡಿಕೊಳ್ಳಲಿ. ಒಣಮೀನು ಮಾತ್ರ ಬೇಡ, ಅದು ಉಪ್ಪಿನ ಗಣಿ.

ಹಣ್ಣು-ತರಕಾರಿಗಳು ರಕ್ತಕ್ಕೆ ಕ್ಷಾರ ಕೊಡುತ್ತವೆ ಎಂಬುದು ನಿಜ. ಮೂತ್ರಪಿಂಡ ಇನ್ನೂ ಅಷ್ಟಿಷ್ಟು ಕೆಲಸ ಮಾಡುತ್ತಿರುವವರಲ್ಲಿ ಅವುಗಳಿಂದ ಉಪಕಾರವಾದುದನ್ನು ಅಮೆರಿಕದ ಟೆಕ್ಸಾಸಿನ ವೈದ್ಯರು ತೋರಿಸಿದ್ದಾರೆ. ಡಯಾಲಿಸಿಸ್ ರೋಗಿಗೆ ಅದೇ ಸಲಹೆ ಪ್ರಾಣಕ್ಕೆ ಎರವಾದೀತು, ಏಕೆಂದರೆ ಕ್ಷಾರದ ಜೊತೆಗೆ ಪೊಟ್ಯಾಸಿಯಂ ಕೂಡ ಬರುತ್ತದೆ. 'ತಂಪು' ಎಂದು ಪ್ರೀತಿಯಿಂದ ಕೆತ್ತಿ ಕೊಡುವ ಒಂದು ಬೊಂಡದ ನೀರಿನಲ್ಲಿ 500 ಮಿ.ಗ್ರಾಂ.ಗೂ ಹೆಚ್ಚು ಪೊಟ್ಯಾಸಿಯಂ ಇರಬಹುದು. ತರಕಾರಿಯನ್ನು ಸಣ್ಣಗೆ ಹೆಚ್ಚಿ, ಹೆಚ್ಚು ನೀರಿನಲ್ಲಿ ಬೇಯಿಸಿ, ಆ ನೀರನ್ನು ಚೆಲ್ಲಿ ಬಳಸಬೇಕು. ತೆನೆಹಬ್ಬದ ದಿನ ಬಗೆಬಗೆಯ ತರಕಾರಿ ಪದಾರ್ಥ ಮಾಡುವಾಗ ರೋಗಿಯ ಪಾಲನ್ನು ಹೀಗೆ ಬೇರೆ ಮಾಡಿಟ್ಟರೆ ಅವರೂ ಎಲ್ಲರೊಂದಿಗೆ ಕೂತು ಉಣ್ಣಬಹುದು.

ನಮ್ಮ ಹಿತ್ತಿಲಿನ ಎರಡು ಹುಳಿಗಳ ಬಗ್ಗೆ ಪ್ರತ್ಯೇಕ ಎಚ್ಚರ ಅಗತ್ಯ. ದಾರೆಹುಳಿ, ಅಂದರೆ ಅಡ್ಡ ಕತ್ತರಿಸಿದರೆ ನಕ್ಷತ್ರದಂತೆ ಕಾಣುವ ಹಣ್ಣು, ಡಯಾಲಿಸಿಸ್ ರೋಗಿಗೆ ತುಂಡೂ ಕೂಡದು. ಅದರಲ್ಲಿರುವ ಒಂದು ವಿಷಾಂಶ ಮೆದುಳಿಗೆ ತಟ್ಟಿ, ನಿಲ್ಲದ ಬಿಕ್ಕಳಿಕೆ, ಗೊಂದಲ, ಅಪಸ್ಮಾರ ಬಂದು ಸಾವೂ ಸಂಭವಿಸಿದೆ. ಬಿಂಬುಳಿಯನ್ನು ಮೀನಿನ ಪದಾರ್ಥಕ್ಕೆ ಹಾಕುವುದು ಹಳೆಯ ರೂಢಿ. ಆದರೆ ಕೊಲೆಸ್ಟರಾಲ್ ಇಳಿಸಲೆಂದು ಅದರ ರಸ ಹಿಂಡಿ ಕುಡಿದ 10 ಮಂದಿಯ ಮೂತ್ರಪಿಂಡಗಳಿಗೆ ಆಕ್ಸಲೇಟ್ ಕಟ್ಟಿಕೊಂಡು ಪೆಟ್ಟಾದುದನ್ನು ಕೇರಳದ ವೈದ್ಯರು 2013ರಲ್ಲಿ ವರದಿ ಮಾಡಿದ್ದಾರೆ. ಅವರು ಮೊದಲೇ ರೋಗಿಗಳಾಗಿ ಆಸ್ಪತ್ರೆ ಸೇರಿದವರಲ್ಲ, ಮನೆಮದ್ದು ಮಾಡಲು ಹೋಗಿ ಸೇರಿದವರು.

ತಪಸ್ಸುಕಾಲದಲ್ಲಿ ಒಪ್ಪೊತ್ತು ಮಾಡುವ ಹಿರಿಯರಿಗೂ ಒಂದು ಮಾತು. ಧರ್ಮಸಭೆಯ ಉಪವಾಸದ ನಿಯಮ 18 ತುಂಬಿದವರಿಗೆ, 59 ತುಂಬುವವರೆಗೆ ಮಾತ್ರ. ಅದರಲ್ಲಿಯೂ ಕಾಯಿಲೆಯವರಿಗೆ ವಿನಾಯಿತಿಯಿದೆ. ಹೊಟ್ಟೆ ಖಾಲಿ ಬಿಟ್ಟರೆ ದೇಹ ತನ್ನ ಕೊಬ್ಬು, ಸ್ನಾಯುಗಳನ್ನೇ ಉರಿಸಿ ಇನ್ನಷ್ಟು ಆಮ್ಲ ಹುಟ್ಟಿಸುತ್ತದೆ. ಮನಸ್ಸು ಒಪ್ಪದಿದ್ದರೆ ಧರ್ಮಗುರುಗಳನ್ನು ಕೇಳಿ ಬೇರೆ ತ್ಯಾಗವನ್ನು ಆರಿಸಿಕೊಳ್ಳಬಹುದು.

ಇನ್ನೂ ಡಯಾಲಿಸಿಸ್ ಹಂತಕ್ಕೆ ಬಾರದ, ಕ್ರಿಯಾಟಿನಿನ್ ಏರುತ್ತಿರುವ ಸಕ್ಕರೆ ಕಾಯಿಲೆ, ಬಿ.ಪಿ.ಯವರು ನಮ್ಮ ವಾಳೆಗಳಲ್ಲಿ ಬಹಳ ಮಂದಿ ಇದ್ದಾರೆ. ಲಂಡನ್ನಿನಲ್ಲಿ ಇಂತಹ 134 ರೋಗಿಗಳ ಮೇಲೆ ಎರಡು ವರ್ಷ ನಡೆಸಿ 2009ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಸೋಡಾ ಮಾತ್ರೆ ಕೊಟ್ಟವರ ಪೈಕಿ ಡಯಾಲಿಸಿಸ್ ಹಂತ ತಲುಪಿದವರು ಶೇಕಡಾ 6.5, ಕೊಡದವರ ಪೈಕಿ ಶೇಕಡಾ 33. ಆದರೆ 2020ರಲ್ಲಿ ಬ್ರಿಟನ್ನಿನಲ್ಲಿಯೇ 60 ದಾಟಿದ 300 ಮಂದಿಯ ಮೇಲೆ ನಡೆದ ಇನ್ನೊಂದು ಪರೀಕ್ಷೆಯಲ್ಲಿ ಅಂತಹ ಲಾಭ ಕಾಣಲಿಲ್ಲ. ಯಾರಿಗೆ ಬೇಕು, ಯಾರಿಗೆ ಬೇಡ ಎಂಬುದನ್ನು ಬೈಕಾರ್ಬನೇಟ್ ಅಂಕಿ ನೋಡಿಯೇ ವೈದ್ಯರು ತೀರ್ಮಾನಿಸಬೇಕಾಗುತ್ತದೆ. ಮುಂದಿನ ಸಲ ಕ್ರಿಯಾಟಿನಿನ್ ಪರೀಕ್ಷೆಗೆ ಚೀಟಿ ಬರೆಸುವಾಗ ಬೈಕಾರ್ಬನೇಟನ್ನೂ ಸೇರಿಸಲು ಹೇಳಿ. ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿರುವವರು ಕಳೆದ ಮೂರು ತಿಂಗಳ ಅಂಕಿಗಳನ್ನು ಡಯಾಲಿಸಿಸ್ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದುಕೊಂಡು, ವೈದ್ಯರು ಸುತ್ತು ಬರುವ ದಿನ ತೋರಿಸಿ.